ದೀಪದ ಮನಿ ಕತಿ ಓದಿದ ಮಳೆಗಾಲ

ಮೊನ್ನೆ ಅತ್ತೆಯನ್ನು ಕರೆತರಲು ಊರಿಗೆ ಹೊರಟಿದ್ದೆ. ಮಗಳ ಮನೆಗೆಂದು ತಾಳಿಕೋಟಿ ಕಡೆ ಹೋದವರು, ‘ಮಳಿ ಹಿಡೀತು, ಇನ್ನ ನಾ ಇಲ್ಲಿ ಇರಂಗಿಲ್ಲ, ಗೋವಾಕ್ಕ ಬರ್ತೇನಿ’ ಎಂದು ಫೋನಿನಲ್ಲಿ ಹಟ ಹಿಡಿದಿದ್ದರು. ಮಳೆ ಹಿಡಿದರೆ ನಮ್ಮ ಜನ ಗೋವಾ ಬಿಟ್ಟು ಊರ ಕಡೆ ಹೋಗುತ್ತಾರೆ. ನನ್ನ ಅತ್ತೆ ಗಂಗವ್ವನದು ಮಾತ್ರ ಎಲ್ಲ ಉಲ್ಟಾ. ಗೋವಾ ಗಡಿಯ ಮೊಲೆಂ ಬಂದದ್ದೇ ಬಸ್ಸು ನಿಂತುಬಿಟ್ಟಿತು. ಮುಂದೆ ಘಾಟಿನಲ್ಲಿ ಲಾರಿ ಅಡ್ಡ ನಿಂತಿದೆಯಂತೆ. ಕಿಟಕಿ ಸಂದಿಯಿಂದ ಮಳೆ ಒಳಗೆ ಬರುತ್ತಿತ್ತು. ನನ್ನ ಕಾಲ ಬುಡದಲ್ಲಿ ಯಾರೋ ಇಟ್ಟಿದ್ದ ರಟ್ಟಿನ ಪೆಟ್ಟಿಗೆ ನೆನೆದು ಮೆತ್ತಗಾಗಿ, ಅದರಿಂದ ಒದ್ದೆ ರಟ್ಟಿನ ವಾಸನೆ, ಜತೆಗೆ ಅಂಟಿನ ಹುಳಿ ವಾಸನೆ ಏಳತೊಡಗಿತು. ಪಕ್ಕದ ಹೆಂಗಸು ‘ಥೂ, ಏನ್ ನಾತ ಹೊಡ್ಯಾಕತ್ತೈತ್ರಿ’ ಎಂದು ಮೂಗಿಗೆ ಸೆರಗು ಹಿಡಿದಳು. ನಾನು ಹೂಂಗುಟ್ಟಿದೆ. ಆದರೆ ನನಗೆ ನಾರ್ವೆ ನೆನಪಾಗಿತ್ತು.

ನಾರ್ವೆ ದೇಶಕ್ಕೆ ನಾನು ಹೋದವಳಲ್ಲ, ಹೋಗುವವಳೂ ಅಲ್ಲ. ಆದರೆ ಆ ಒಂದು ಮಳೆಗಾಲದಲ್ಲಿ ವಾಸ್ಕೋದ ಬಾಯ್ನಾದಿಂದ ಮಡ್ಕಯಿಯ ಕಾರ್ಖಾನೆಗೆ ಟೆಂಪೋದಲ್ಲಿ ಹೋಗಿಬರುತ್ತಿದ್ದ ನಾವಷ್ಟೂ ಹೆಂಗಸರು ಅಲ್ಲಿನ ಒಂದು ಬಂದರಿನ ಗಲ್ಲಿ ಗಲ್ಲಿಯನ್ನೂ ತಿಳಿದುಕೊಂಡಿದ್ದೆವು. ಯಾವ ಮೆಟ್ಟಿಲು ಜಾರುತ್ತದೆ, ಯಾವ ಅಂಗಡಿಯ ಮುದುಕ ಸುಳ್ಳು ಹೇಳುತ್ತಾನೆ, ಯಾವ ಮನೆಯ ಕಿಟಕಿ ಎಂದೂ ತೆರೆಯುವುದಿಲ್ಲ, ಎಲ್ಲ ಗೊತ್ತಿತ್ತು. ಒಂದು ಕಾದಂಬರಿ ನಮ್ಮನ್ನು ಹಾಗೆ ಹಿಡಿದುಕೊಂಡಿತ್ತು. ಅದನ್ನು ಓದಿ ಹೇಳುತ್ತಿದ್ದವಳು ನಾನು.

ಆ ವರ್ಷ ಮೇ ತಿಂಗಳ ಕೊನೆಯಲ್ಲಿ ನನ್ನ ಗಂಡ ಬಸವರಾಜ ಬೋಟಿಗೆ ಹೋದವನು ತಿರುಗಿ ಬರಲಿಲ್ಲ. ಮಳೆಗಾಲದಲ್ಲಿ ಮೀನಿನ ಟ್ರಾಲರುಗಳೆಲ್ಲ ಬಂದ್ ಇರುತ್ತವೆ. ಬಂದ್ ಆಗುವ ಮುಂಚಿನ ಕೊನೆಯ ಸುತ್ತಿಗೆ ಹೋಗಿದ್ದ. ಗಾಳಿ ಎದ್ದು ಬೋಟು ಮಗುಚಿತು. ಜತೆಗಿದ್ದವರನ್ನು ಇನ್ನೊಂದು ಬೋಟಿನವರು ಎಳೆದುಕೊಂಡರು, ಬಸವರಾಜ ಸಿಗಲಿಲ್ಲ. ಹುಡುಕುವವರು ಹುಡುಕಿದರು. ಆಮೇಲೆ ಮಳೆ ಶುರುವಾಯಿತು, ಸಮುದ್ರದ ನೀರು ಕೆಂಪಗಾಯಿತು, ಹುಡುಕುವುದೂ ನಿಂತಿತು.

ಸುದ್ದಿ ಬಂದಾಗ ನಾನು ನಳದ ಹತ್ತಿರ ಬಟ್ಟೆ ಹಿಂಡುತ್ತಿದ್ದೆ. ಕೇಳಿಸಿಕೊಂಡೆ. ಉಳಿದ ಬಟ್ಟೆಯನ್ನೂ ಹಿಂಡಿ ಹಗ್ಗಕ್ಕೆ ಹಾಕಿದೆ. ಅವನ ಅಂಗಿಯೂ ಅದರಲ್ಲಿತ್ತು. ಅಳು ಬರಲಿಲ್ಲ. ಬಹಳ ಹೊತ್ತು ಮಡಚಿ ಕೂತಾಗ ಕಾಲು ಜೋಮು ಹಿಡಿಯುತ್ತದಲ್ಲ, ಮುಟ್ಟಿದರೂ ಅದು ನಮ್ಮ ಕಾಲು ಅನ್ನಿಸುವುದಿಲ್ಲವಲ್ಲ, ಹಾಗೆ ನಾನು ಇಡಿಯಾಗಿ ಜೋಮು ಹಿಡಿದುಬಿಟ್ಟಿದ್ದೆ. ರೊಟ್ಟಿ ಬಡಿಯುವಾಗ ಬೆರಳು ಹಂಚಿಗೆ ತಾಗಿ ಸುಟ್ಟದ್ದು ವಾಸನೆಯಿಂದ ಗೊತ್ತಾಯಿತೇ ಹೊರತು ಉರಿಯಿಂದಲ್ಲ.

ಅಳು ಬಂದಿದ್ದರೂ ಅಳುವುದಕ್ಕೆ ಜಾಗವಿರಲಿಲ್ಲ ಅನ್ನಿ. ಅತ್ತೆ ಯಾರಿಗೂ ಅಳಗೊಡಲಿಲ್ಲ. ಊರಿಂದ ನೆಂಟರು ಬಂದು, ಹೆಣ ಸಿಗದಿದ್ದರೆ ಗೊಂಬೆ ಮಾಡಿ ಮಣ್ಣು ಮಾಡುವ ಪದ್ಧತಿ ಇದೆ, ಮಾಡಿ ಮುಗಿಸೋಣ ಎಂದಾಗ ಅವರ ಚೀಲಗಳನ್ನು ತಾವೇ ಎತ್ತಿಕೊಂಡು ಹೋಗಿ ಬಸ್‌ಸ್ಟ್ಯಾಂಡಿನಲ್ಲಿ ಇಟ್ಟು ಬಂದರು.

‘ಇದ ಬಾಯ್ನಾದಾಗ ನನ್ನ ಮನಿ ಬುಲ್ಡೋಜರ್ ತಂದು ಕೆಡವಿದ್ರು. ಕಣ್ಣಿಲೆ ನೋಡಿದೆ, ಒಪ್ಪಿಕೊಂಡೆ. ಮಗನ್ನ ನಾ ನೋಡಿಲ್ಲ. ನೋಡಲಾರದ್ದನ್ನ ನಾ ಒಪ್ಪೂದಿಲ್ಲ’ ಎಂದರು. ‘ಯಾವುದರ ಬೋಟಿನಾವ್ರು ಎತ್ತಿಕೊಂಡಿರ್ತಾರ. ಮಲ್ಪೀಗೆ ಹೋಗ್ಯಾನೋ, ರತ್ನಾಗಿರಿಗೆ ಹೋಗ್ಯಾನೋ. ಬೋಟ್ ಬಂದ್ ಅದಾವು, ಹೆಂಗ ಬರ್ಬೇಕು? ಬೋಟ್ ಚಾಲೂ ಆಗ್ಲಿ, ಬರ್ತಾನ.’

ಅಂದಿನಿಂದ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವಾಗ ಅವರೇ ನನ್ನ ಹಣೆಗೆ ಕುಂಕುಮ ಇಡತೊಡಗಿದರು. ಮೊದಲು ಒಂದು ದಿನವೂ ಹಾಗೆ ಇಟ್ಟವರಲ್ಲ. ಇಟ್ಟು, ಬಳೆಗಳನ್ನು ಒಮ್ಮೆ ಮುಟ್ಟಿ ನೋಡಿ ಕಳಿಸುತ್ತಿದ್ದರು. ಬಸವರಾಜ ಇಲ್ಲ ಎಂಬುದು ನನಗೆ ಗೊತ್ತಿತ್ತು. ಹೇಗೆ ಎಂದು ಕೇಳಿದರೆ ಹೇಳಲಾರೆ. ಈ ಮನೆಯಲ್ಲಿ ಯಾರಾದರೂ ಒಮ್ಮೆ, ಒಂದೇ ಒಂದು ಸಲ, ಅವನು ಸತ್ತ ಎಂದು ಗಟ್ಟಿಯಾಗಿ ಅಂದರೆ ಸಾಕು ಎಂದು ಕಾಯುತ್ತಿದ್ದೆ. ನಾನೇ ಹೇಳೋಣವೆಂದರೆ ಅವರ ಮುಖ ನೋಡಿ ಬಾಯಿ ಬರುತ್ತಿರಲಿಲ್ಲ. ಬರಬರುತ್ತ ಯಾವ ಮಾತಿಗೂ ಬಾಯಿ ಬರದಂತಾಯಿತು.

ಮಡ್ಕಯಿಯಲ್ಲಿ ನಮ್ಮದು ಔಷಧಿ ಬಾಟಲಿಯ ಮುಚ್ಚಳ ಮಾಡುವ ಕಾರ್ಖಾನೆ. ಮೆಷಿನ್ನುಗಳು ಬೇರೆ ಶೆಡ್ಡಿನಲ್ಲಿ. ನಾವು ಹೆಂಗಸರು ಕೂರುತ್ತಿದ್ದದ್ದು ರಟ್ಟಿನ ಪೆಟ್ಟಿಗೆ ಮಡಚಿ, ಅಂಟು ಹಚ್ಚಿ, ಮುಚ್ಚಳ ತುಂಬುವ ಕೋಣೆಯಲ್ಲಿ. ನಾನು ವಾರಗಟ್ಟಲೆ ತುಟಿ ಪಿಟಕ್ಕೆನ್ನದೆ ಪೆಟ್ಟಿಗೆ ಮಡಚುವುದನ್ನು ನೋಡಿ ಮಾಬೂಬಿಗೆ ಹೆದರಿಕೆಯಾಗಿತ್ತು. ಮಾಬೂಬಿ ಸಿಂದಗಿ ಕಡೆಯವಳು, ನನ್ನ ಎದುರು ಕೂರುವವಳು, ನನಗಿಂತ ಹತ್ತು ವರ್ಷ ದೊಡ್ಡವಳು. ಅವಳ ಗಂಡ ಮೌಲಾ ಹುಬ್ಬಳ್ಳಿ ಲೈನಿನ ಲಾರಿ ಡ್ರೈವರ್. ಒಂದು ದಿನ ಅವಳು ಊಟದ ಚೀಲದಿಂದ ಒಂದು ದಪ್ಪ ಪುಸ್ತಕ ತೆಗೆದು ನನ್ನ ಮುಂದೆ ಇಟ್ಟಳು. ಅದರ ಹೊದಿಕೆ ಅರ್ಧ ಹರಿದು ಕಾದಂಬರಿಯ ಹೆಸರೇ ಹೋಗಿತ್ತು. ಉಳಿದರ್ಧದಲ್ಲಿ ಕರಿ ಬಂಡೆ, ಅದರ ಮೇಲೆ ಸಮುದ್ರದ ದೀಪಸ್ತಂಭ, ಕೆಂಪು ಕೋಟು ಹಾಕಿದ ಒಬ್ಬ ಹೆಂಗಸಿನ ಬೆನ್ನು ಇದ್ದವು.

‘ನಮ್ಮಾಂವ ಹುಬ್ಬಳ್ಳಿ ಸ್ಟ್ಯಾಂಡಿನಾಗ ಚಿತ್ರ ನೋಡಿ ತಂದಾನ. ನನಗ ಓದಾಕ ಬರೂದಿಲ್ಲ ಅನ್ನೂದು ಲಗ್ನಾಗಿ ಇಷ್ಟ ವರ್ಷಾದ್ರೂ ಅಂವಗ ನೆನಪಿಲ್ಲ’ ಎಂದಳು. ‘ನೀ ಪೀಯೂಸಿ ಕಲತಾಕಿ. ನೀ ಓದು. ನಾ ಕೇಳ್ತೇನಿ.’

‘ಪೆಟಿಗಿ ಯಾರ ಮಾಡ್ಬೇಕು?’ ಎಂದೆ. ಅಷ್ಟು ದಿನಗಳ ಮೇಲೆ ನಾನು ಆಡಿದ ಮೊದಲ ಮಾತು ಅದೇ ಇರಬೇಕು. ‘ನಿನ್ನ ಪಾಲು ನಾವ್ ಮಾಡ್ತೇವಿ. ಊರಾಗ ಹೊಲದಾಗ ಹೆಂಗ?’ ಎಂದಳು.

ನಮ್ಮ ಕಡೆ ಕಳೆ ತೆಗೆಯುವಾಗ ಸಾಲಿನಲ್ಲಿ ಒಬ್ಬಳು ಹಾಡುತ್ತಾಳೆ. ಹಾಡುವವಳ ಸಾಲು ಹಿಂದೆ ಬೀಳದಂತೆ ಅಕ್ಕಪಕ್ಕದವರು ಕೈ ಹಾಕಿ ಕಳೆ ತೆಗೆದುಕೊಡುತ್ತಾರೆ. ಹಾಡಾಕಿ ಪಾಲು ಎನ್ನುತ್ತಾರೆ ಅದಕ್ಕೆ. ಅದೇ ಪದ್ಧತಿ ರಟ್ಟಿನ ಕೋಣೆಗೆ ಬಂದು ಓದಾಕಿ ಪಾಲು ಆಯಿತು. ನಾನು ಪೆಟ್ಟಿಗೆಗಳ ಒಟ್ಟಿಲಿಗೆ ಒರಗಿ ಓದುವುದು, ಉಳಿದವರು ನನ್ನ ಪಾಲಿನ ಪೆಟ್ಟಿಗೆಗಳನ್ನು ಹಂಚಿಕೊಂಡು ಮಡಚುವುದು. ಅವರಲ್ಲಿ ಕಸ್ತೂರಿ ಎಂಬ ಹೊಸದಾಗಿ ಮದುವೆಯಾದ ಹುಡುಗಿಯಿದ್ದಳು. ವಾಸ್ಕೋದಲ್ಲೇ ಹುಟ್ಟಿ ಮರಾಠಿ ಶಾಲೆಗೆ ಹೋದವಳು, ಕನ್ನಡ ಮಾತಾಡುತ್ತಾಳೆ, ಅಕ್ಷರ ಬಾರದು. ಅವಳ ಕೈ ಎಲ್ಲರಿಗಿಂತ ಚುರುಕು. ಕತೆ ಬಿಗಿಯಾದಷ್ಟೂ ಅವಳ ಪೆಟ್ಟಿಗೆಗಳು ಏಳುತ್ತಿದ್ದವು.

ಕತೆ ಹೀಗಿತ್ತು. ಮೈಥಿಲಿಯ ಗಂಡ ಶ್ರೀಧರ ಇಂಜಿನಿಯರು. ನಾರ್ವೆಯ ಒಂದು ಸಣ್ಣ ಬಂದರಿಗೆ ಕೆಲಸಕ್ಕೆ ಹೋದವನು ಅಲ್ಲಿ ಕಾಣೆಯಾಗುತ್ತಾನೆ. ಮೈಥಿಲಿ ಒಬ್ಬಳೇ ಹುಡುಕಿಕೊಂಡು ಹೋಗುತ್ತಾಳೆ. ಬಂದರಿನ ಎದುರು ಒಂದು ಬಂಡೆ, ಅದರ ಮೇಲೆ ಪಾಳುಬಿದ್ದ ದೀಪಸ್ತಂಭ. ಯಾರೂ ಇಲ್ಲದ ಆ ದೀಪಸ್ತಂಭದಲ್ಲಿ ಒಂದೊಂದು ರಾತ್ರಿ ದೀಪ ಹತ್ತುತ್ತದೆ. ಹತ್ತಿಸುವವರು ಯಾರು? ಶ್ರೀಧರನೇ ಅಲ್ಲಿ ಅಡಗಿದ್ದಾನೆಯೇ? ಊರಿನವರು ಬಾಯಿ ಬಿಡುವುದಿಲ್ಲ. ಅವಳಿಗೆ ಸಹಾಯಕ್ಕೆ ನಿಲ್ಲುವವನು ಹೆನ್ರಿಕ್ ಎಂಬ ಬೋಟಿನ ಚಾಲಕ. ಅವನು ಮಾತು ಕಡಿಮೆಯ ಮನುಷ್ಯ, ಹೆಂಡತಿ ಸತ್ತವನು. ಹಿಮದಲ್ಲಿ ತೊಯ್ದ ಕೋಟು ಹಾಕಿಕೊಂಡು ಬಂದು ಅವಳ ಬಾಗಿಲಲ್ಲಿ ನಿಲ್ಲುತ್ತಾನೆ, ಒಳಗೆ ಬರುವುದಿಲ್ಲ, ಸುದ್ದಿ ಹೇಳಿ ಹೋಗುತ್ತಾನೆ. ಅವನು ಒಳ್ಳೆಯವನೋ ಕಳ್ಳನೋ ತಿಳಿಯದಂತೆ ಬರೆದಿದ್ದರು.

ಮೊದಲ ವಾರದಲ್ಲೇ ಕೋಣೆ ಎರಡು ಪಂಗಡವಾಯಿತು. ಕಸ್ತೂರಿ ಪಂಗಡದವರಿಗೆ ಬೋಟಿನವನೇ ಬೇಕು. ‘ಎಷ್ಟ ಚಲೋ ಅದಾನ ಬೇ, ಬಾಗಲದಾಗ ನಿಂತ ಹೋಗ್ತಾನ, ಒಂದ ಮಾತೂ ಜಾಸ್ತಿ ಆಡೂದಿಲ್ಲ. ನಮ್ಮನಿಯಾಂವ ಬಾಗಲದಾಗಿಂದನ ಒದರಿಕೋತ ಬರ್ತಾನ’ ಎಂದು ಆಕೆ ನಿಟ್ಟುಸಿರುಬಿಟ್ಟರೆ ಎಲ್ಲರೂ ನಗುತ್ತಿದ್ದರು. ಮಾಬೂಬಿಗೆ ಬೋಟಿನವನ ಮೇಲೆಯೇ ಸಂಶಯ. ‘ದೀಪ ಹಚ್ಚಾಂವ ಅಂವನ. ಬರದಿಟ್ಕೋ’ ಎನ್ನುತ್ತಿದ್ದಳು. ಇದು ಟೆಂಪೋದಲ್ಲಿ, ನಳದ ಹತ್ತಿರ, ಶನಿವಾರದ ಸಂತೆಯಲ್ಲೂ ಮುಂದುವರಿಯುತ್ತಿತ್ತು. ಟೆಂಪೋದವನು ಒಮ್ಮೆ, ನಾರ್ವೆಯಲ್ಲಿ ನಿಮ್ಮ ಸಂಬಂಧಿಕರು ಯಾರಿದ್ದಾರೆ ಎಂದು ಗಂಭೀರವಾಗಿ ಕೇಳಿದ.

ಸೂಪರ್‌ವೈಸರ್ ಫಿಲೋಮಿನಾ ಬಾಯಿ ಗೋವಾದವಳು, ಕನ್ನಡ ಬಾರದು. ಮೊದಲು ಪುಸ್ತಕ ಕಿತ್ತುಕೊಳ್ಳಲು ಬಂದಳು. ಪೆಟ್ಟಿಗೆಗಳು ಕಡಿಮೆಯಾಗುವ ಬದಲು ಜಾಸ್ತಿಯಾಗಿರುವುದನ್ನು ನೋಡಿ ಸುಮ್ಮನಾದಳು. ಆಮೇಲೆ ಬಾಗಿಲಿಗೆ ಬಂದು ನಿಲ್ಲತೊಡಗಿದಳು. ಕಸ್ತೂರಿ ಅವಳಿಗೆ ಕೊಂಕಣಿಯಲ್ಲಿ ಕತೆ ದಾಟಿಸುತ್ತಿದ್ದಳು. ಒಂದು ಸೋಮವಾರ ಫಿಲೋಮಿನಾ ಬಾಯಿ ಛತ್ರಿ ಮಡಚುವ ಮೊದಲೇ ‘ಘೋವ್ ಜಿವೊ ಆಸಾ?’ ಎಂದು ಕೇಳಿದಳು. ಗಂಡ ಬದುಕಿದ್ದಾನಾ? ಎಲ್ಲರೂ ನನ್ನ ಮುಖ ನೋಡಿ ಬೇರೆ ಕಡೆ ತಿರುಗಿದರು. ಶ್ರೀಧರನ ಬಗ್ಗೆ ಕೇಳಿದ್ದು ಎಂದು ತಿಳಿಯಲು ನನಗೂ ಸ್ವಲ್ಪ ಹೊತ್ತು ಬೇಕಾಯಿತು. ‘ಇನ್ನೂ ಗೊತ್ತಾಗಿಲ್ಲ’ ಎಂದೆ.

ಗೊತ್ತಾಗಿತ್ತು. ಪುಸ್ತಕ ಕೈಗೆ ಬಂದ ಮೂರನೆಯ ದಿನವೇ ನಾನು ಕೊನೆಯವರೆಗೆ ಓದಿ ಮುಗಿಸಿದ್ದೆ. ಕುತೂಹಲದಿಂದಲ್ಲ. ಕಣ್ಣು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹೋಗುತ್ತಿದ್ದರೆ ತಲೆಯೊಳಗೆ ಬೇರೇನೂ ನಡೆಯುತ್ತಿರಲಿಲ್ಲ, ಅದಕ್ಕೆ. ನನ್ನ ಓದಿನಲ್ಲಿ ಏರಿಳಿತವೇ ಇರಲಿಲ್ಲ. ಮೈಥಿಲಿ ನಕ್ಕರೂ ಅದೇ ದನಿ, ಯಾರೋ ಅವಳ ಬಾಗಿಲು ಒಡೆದರೂ ಅದೇ ದನಿ. ಹೆಂಗಸರಿಗೆ ಅದೇ ಬಹಳ ಹಿಡಿಸಿತ್ತು. ‘ನೀ ಹೆದರಿಸೂದಿಲ್ಲ, ಏನಿಲ್ಲ, ಸುಮ್ಮ ಓದ್ತಿ. ಅದಕ್ಕ ಜಾಸ್ತಿ ಅಂಜಿಕಿ ಬರ್ತೈತಿ’ ಎನ್ನುತ್ತಿದ್ದಳು ಕಸ್ತೂರಿ.

ಅತ್ತೆಗೆ ಈ ಕತೆಯ ರುಚಿ ಹತ್ತಿಸಿದವಳೂ ಮಾಬೂಬಿಯೇ. ಒಂದು ಸಂಜೆ ಟೆಂಪೋ ಇಳಿದು ನಮ್ಮ ಬಾಗಿಲಲ್ಲಿ ನಿಂತು ಅಂದಿನ ಕತೆಯನ್ನು ಕೈ ತಿರುವುತ್ತ ಹೇಳಿ ಹೋದಳು. ಮರುದಿನ ಸಂಜೆ ನಾನು ಬರುವಾಗ ಅತ್ತೆ ಒಲೆ ಹತ್ತಿಸಿ, ಚಹಾ ಸೋಸಿ, ಗೋಡೆಗೆ ಒರಗಿ ಕಾಲು ಚಾಚಿ ತಯಾರಾಗಿ ಕೂತಿದ್ದರು. ‘ಹೂಂ, ಓದು. ಆ ದೀಪದ ಮನಿ ಕತಿ’ ಎಂದರು. ಅದೇ ಹೆಸರಾಯಿತು. ಅಂದಿನಿಂದ ಮಧ್ಯಾಹ್ನ ಕಾರ್ಖಾನೆಯಲ್ಲಿ ಓದಿದ್ದನ್ನೇ ಸಂಜೆ ಮನೆಯಲ್ಲಿ ಇನ್ನೊಮ್ಮೆ ಓದುತ್ತಿದ್ದೆ. ತಗಡಿನ ಮೇಲೆ ಮಳೆ ಜೋರಾದರೆ ಅತ್ತೆ ಕೈಯೆತ್ತಿ ನಿಲ್ಲಿಸುತ್ತಿದ್ದರು, ಕಡಿಮೆಯಾದ ಮೇಲೆ ‘ಹಾಂ, ಚಾಲೂ ಮಾಡು’ ಎನ್ನುತ್ತಿದ್ದರು.

ಅವರಿಗೆ ಮೈಥಿಲಿಯ ಮೇಲೆ ಕಕ್ಕುಲಾತಿ, ಬೋಟಿನವನ ಮೇಲೆ ಕೆಂಡದಂಥ ಸಿಟ್ಟು. ಅವನು ತೊಯ್ದ ಕೋಟಿನಲ್ಲಿ ಬಾಗಿಲಿಗೆ ಬಂದನೆಂದರೆ ಸಾಕು, ‘ಬಂದಾ ನೋಡು ಮೂಳ. ಒಳಗ ಕರೀಬ್ಯಾಡ ಅನ್ನು ಆಕಿಗೆ’ ಎಂದು ನನಗೇ ಗದರುತ್ತಿದ್ದರು. ನಾನು ಹೇಳಿದರೆ ಮೈಥಿಲಿ ಕೇಳುತ್ತಾಳೆ ಎಂಬಂತೆ. ಇನ್ನೊಂದು ತಕರಾರು ಅವರದು. ‘ಇಷ್ಟ ದಪ್ಪ ಪುಸ್ತಕದಾಗ ಸಿರಿಧರನ ತಾಯಿ ಸುದ್ದಿನ ಇಲ್ಲಲ್ಲ. ಅಂವಗ ತಾಯಿ ಇಲ್ಲೇನು?’ ಇಲ್ಲ, ಬರೆದಿಲ್ಲ ಎಂದರೆ, ‘ಬರದಾಂವಗ ಬುದ್ಧಿ ಇಲ್ಲ. ಹೆಂಡ್ತಿ ಒಬ್ಬಾಕಿನ ಹುಡಿಕಿದ್ರ ಹೆಂಗ ಸಿಕ್ಕಾನು’ ಎಂದು ಲೇಖಕನನ್ನೂ ಬಿಡುತ್ತಿರಲಿಲ್ಲ.

ಜುಲೈ ತಿಂಗಳಲ್ಲಿ ಒಂದು ಸಂಜೆ ದೀಪ ಹಚ್ಚುತ್ತ, ನನ್ನ ಕಡೆ ನೋಡದೆ, ‘ಸಿರಿಧರ ಬಂದ್ನಂದ್ರ ನನ್ನ ಮಗಾನೂ ಬರ್ತಾನ. ನಾ ಹಂಗಂತ ಹಿಡದೇನಿ’ ಎಂದರು. ದೇವರ ತಲೆಯ ಮೇಲಿನ ಹೂವು ಯಾವ ಕಡೆ ಬೀಳುತ್ತದೆ ಎಂದು ನೋಡುವವರು ನಾವು. ಅತ್ತೆ ಹೂವಿನ ಜಾಗದಲ್ಲಿ ಕಾದಂಬರಿಯನ್ನು ಇಟ್ಟುಕೊಂಡಿದ್ದರು. ನನ್ನ ಕೈಯಲ್ಲಿದ್ದ ಪುಸ್ತಕ ಅಂದಿನಿಂದ ಭಾರವಾಯಿತು. ಅದರ ಕೊನೆಯಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು, ಅದನ್ನು ಓದಬೇಕಾದವಳೂ ನಾನೇ.

ಮಾಬೂಬಿಗೆ ಮಾತ್ರ ಹೇಳಿದೆ. ಅವಳು ಅಂಟಿನ ಕೈಯನ್ನು ರಟ್ಟಿಗೆ ಒರೆಸಿಕೊಂಡಳು.

‘ಬದಲಿ ಮಾಡಿ ಓದು ರೇಣುಕಾ. ನಿನ್ನ ಬಿಟ್ರ ಇಲ್ಲಿ ಓದಾಕ ಬರೂದ ಯಾರಿಗೆ? ಸಿರಿಧರ ಬಂದ ಅಂತ ಓದು. ಆ ಮುದುಕಿ ಜೀವಾ ಉಳೀಲಿ.’

ನಾನು ಆಗಲ್ಲ ಎಂದೆ. ನನ್ನದೇನು ಸತ್ಯದ ಹಟವಲ್ಲ. ಸುಳ್ಳು ಕಟ್ಟಬೇಕಾದರೂ ಮೈಯಲ್ಲಿ ಜೀವ ಬೇಕು. ಶ್ರೀಧರ ಹೇಗೆ ಬಂದ, ಯಾವ ಬಟ್ಟೆ ಹಾಕಿದ್ದ, ಬಂದವನು ಮೊದಲು ಏನಂದ ಎಂದು ನಾನು ಕಟ್ಟಬೇಕಲ್ಲ? ಬಂದ ಗಂಡನ ಮುಖ ಹೇಗಿರುತ್ತದೆ ಎಂದು ಯೋಚಿಸಲು ಹೋದರೆ ನನಗೆ ಏನೂ ಕಾಣುತ್ತಿರಲಿಲ್ಲ, ಹಂಚಿನ ಮೇಲಿನ ಹೊಗೆಯಷ್ಟೇ. ಮಾಬೂಬಿ ಇನ್ನೊಂದು ದಾರಿ ಹಿಡಿದಳು. ಎಲ್ಲರಿಗೂ ಅದೇನು ಹೇಳಿದಳೋ, ಅಂದಿನಿಂದ ಕೋಣೆಯವರೆಲ್ಲ ಓದಿದ್ದನ್ನೇ ಮತ್ತೆ ಓದಿಸತೊಡಗಿದರು. ‘ಆ ಹಿಮದ ಬಿರುಗಾಳಿದು ಇನ್ನೊಮ್ಮೆ ಓದು.’ ‘ಆ ಮುದುಕನ ಅಂಗಡ್ಯಾಗ ಏನಾತಂದಿ?’ ಕತೆ ಮುಂದೆ ಹೋಗದಂತೆ ಹಿಂದಿನಿಂದ ಸೆರಗು ಹಿಡಿದು ಎಳೆಯುತ್ತಿದ್ದರು. ಹೀಗೆ ಜುಲೈ ಕಳೆಯಿತು.

ಆಗಸ್ಟಿನಲ್ಲಿ ಬೋಟುಗಳು ಶುರುವಾದವು. ಜೆಟ್ಟಿಯಲ್ಲಿ ಮತ್ತೆ ಡೀಸೆಲ್ ವಾಸನೆ, ಬಲೆ ಎಳೆಯುವವರ ಕೂಗು. ಅತ್ತೆ ಬೆಳಿಗ್ಗೆಯೇ ಇಳಕಲ್ ಸೀರೆ ಉಟ್ಟು ಜೆಟ್ಟಿಗೆ ಹೋಗಿ ನಿಲ್ಲತೊಡಗಿದರು. ಮೊದಲ ಬೋಟುಗಳು ಬಂದವು, ಮಲ್ಪೆಯಿಂದ ಬಂದವರನ್ನು ಕೇಳಿದರು. ಎರಡನೇ ಸುತ್ತಿನವು ಬಂದವು, ರತ್ನಾಗಿರಿಯವರನ್ನು ಕೇಳಿದರು. ಬಸವರಾಜನ ಫೋಟೋ ಇದ್ದ ಮೊಬೈಲನ್ನು ಎದೆಗೆ ಒತ್ತಿ ಹಿಡಿದು ವಾಪಸು ಬರುತ್ತಿದ್ದರು. ಅಲ್ಲಿ ಏನಾಯಿತು ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಒಂದು ಶನಿವಾರ ಬಂದು ಸೀರೆಯ ಕೆಳಗಿನ ಕೆಸರು ತೊಳೆದುಕೊಂಡು, ‘ನಾಳೆ ಐತವಾರ. ಕತಿ ಮುಗಿಸಿಬಿಡು’ ಎಂದರು. ‘ಎಲ್ಲಾರೂ ಬರ್ಲಿ’ ಎಂದರು.

ಭಾನುವಾರ ಮಧ್ಯಾಹ್ನ ನಮ್ಮ ಒಂದೇ ಕೋಣೆಯ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಾಬೂಬಿ ಶೇಂಗಾ ಹಿಂಡಿ ತಂದಿದ್ದಳು, ಕಸ್ತೂರಿ ಚುರುಮುರಿ ಕಲಸಿದಳು. ಹೊರಗೆ ಮಳೆ ಸಣ್ಣಗೆ ಬೀಳುತ್ತಿತ್ತು, ಅತ್ತೆ ಗೋಡೆಗೆ ಒರಗಿ ಕೂತಿದ್ದರು. ನಾನು ಪುಸ್ತಕ ತೆರೆದೆ.

ಬೋಟಿನವನು ಮೈಥಿಲಿಯನ್ನು ಕೊನೆಗೂ ದೀಪಸ್ತಂಭಕ್ಕೆ ಕರೆದೊಯ್ಯುತ್ತಾನೆ. ದೀಪ ಹಚ್ಚುತ್ತಿದ್ದವರು ಕಳ್ಳಸಾಗಣೆಯವರು, ತಮ್ಮ ದೋಣಿಗಳಿಗೆ ದಾರಿ ತೋರಿಸಲು. ಸುಳ್ಳು ಹೇಳುತ್ತಿದ್ದ ಅಂಗಡಿಯ ಮುದುಕನೇ ಅವರ ಮುಖಂಡ. ‘ನಾ ಅಂದಿದ್ದಿಲ್ಲೇನು, ಅಂವ ಬೋಟಿನಾಂವ ಚಲೋ ಮನಿಷ್ಯಾ ಅಂತ’ ಎಂದು ಕಸ್ತೂರಿ ಕೈ ತಟ್ಟಿದಳು. ಮಾಬೂಬಿ ಅವಳ ತೊಡೆ ಹಿಂಡಿ ಸುಮ್ಮನಾಗಿಸಿದಳು. ನಾನು ಅದೇ ದನಿಯಲ್ಲಿ ಮುಂದೆ ಓದಿದೆ. ಮುದುಕ ಪೊಲೀಸರ ಮುಂದೆ ಒಪ್ಪಿಕೊಳ್ಳುತ್ತಾನೆ. ಶ್ರೀಧರ ಆ ದೀಪವನ್ನು ನೋಡಿದ್ದ. ನೋಡಿದ ದಿನವೇ ಅವನನ್ನು ಬಂಡೆಯ ಮೇಲಿಂದ ಸಮುದ್ರಕ್ಕೆ ನೂಕಿದ್ದರು. ಮೈಥಿಲಿ ಊರಿನಿಂದ ಹೊರಡುವುದಕ್ಕೂ ಮೊದಲೇ ಅವನು ಸತ್ತಿದ್ದ. ಹೆಣ ಸಿಗಲಿಲ್ಲ.

ಚುರುಮುರಿ ಅಗಿಯುವ ಸದ್ದೂ ನಿಂತಿತು. ಅತ್ತೆ ನನ್ನನ್ನೇ ನೋಡುತ್ತಿದ್ದರು.

‘ಅಂದ್ರ, ನಾವ್ ಕತಿ ಕೇಳಾಕ ಕುಂತಾಗಿಂದನೂ ಅಂವ ಇರಲೇ ಇಲ್ಲ?’

‘ಇರಲಿಲ್ರಿ ಅತ್ತಿ.’

‘ಮೊದಲನೇ ಹಾಳ್ಯಾಗೂ ಇರಲಿಲ್ಲ?’

‘ಮೊದಲನೇ ಹಾಳ್ಯಾಗೂ ಇರಲಿಲ್ಲ.’

‘ಸತ್ತಿದ್ದ?’

‘ಸತ್ತಿದ್ದ’ ಎಂದೆ. ಆ ಮಾತನ್ನು ಆ ಮನೆಯಲ್ಲಿ ಗಟ್ಟಿಯಾಗಿ ಅಂದವಳು ಕೊನೆಗೆ ನಾನೇ ಆದೆ. ಅತ್ತೆ ಬಾಗಿಲಾಚೆಯ ಮಳೆಯನ್ನು ನೋಡಿದರು. ಆಮೇಲೆ ಬಹಳ ಸಣ್ಣ ದನಿಯಲ್ಲಿ, ‘ಅಂವಗ ತಾಯಿ ಇಲ್ಲ. ಆ ಊರಾಗ ಅಂವಗ ಅಳಾವ್ರು ಯಾರವ್ವಾ?’ ಎಂದರು.

ನಮ್ಮ ಕಡೆ ಸತ್ತವರಿಗೆ ಹಾಡ್ಯಾಡಿ ಅಳುತ್ತಾರೆ. ಸುಮ್ಮನೆ ಕಣ್ಣೀರು ಹಾಕಿದರೆ ಅದು ಲೆಕ್ಕಕ್ಕಿಲ್ಲ. ಸತ್ತವನು ಏನು ಉಣ್ಣುತ್ತಿದ್ದ, ಹೇಗೆ ನಡೆಯುತ್ತಿದ್ದ, ಯಾರಿಗೆ ಏನು ತಂದುಕೊಟ್ಟ ಎಂದು ಒಂದೊಂದನ್ನೇ ಎತ್ತಿ ರಾಗದಲ್ಲಿ ಅಳಬೇಕು. ದಿಕ್ಕಿಲ್ಲದವರು ಸತ್ತರೂ ಓಣಿಯ ಹೆಂಗಸರು ಸೇರಿ ಹಾಗೆ ಅತ್ತು ಕಳಿಸುತ್ತಾರೆ. ಬಾಯ್ನಾದಲ್ಲಿ ಯಾರ ಮನೆಯಲ್ಲಿ ಸಾವಾದರೂ ಗಂಗವ್ವನನ್ನು ಕರೆಯಲು ಬರುತ್ತಿದ್ದರು, ಅಂಥ ಕಂಠ. ಆ ಮಳೆಗಾಲದಲ್ಲಿ ಮಾತ್ರ ಅವರು ಯಾರ ಮನೆಗೂ ಹೋಗಿರಲಿಲ್ಲ. ಈಗ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು, ಮುಂದಕ್ಕೂ ಹಿಂದಕ್ಕೂ ತೂಗಿದರು, ಎತ್ತಿದರು.

‘ಥಂಡಿ ದೇಶಕ ಹ್ವಾದ್ಯೋ ನನ್ನಪ್ಪಾ... ಹೊದಿಯಾಕ ಕೌದಿ ಯಾರ ಕೊಟ್ಟಾರೋ... ಕಲ್ಲಿನ ಮ್ಯಾಲ ನಿಂತೆಲ್ಲೋ ನನ್ನಪ್ಪಾ... ಹಿಂದ ಬರಾವ್ರನ್ನ ನೋಡಲಿಲ್ಲೇನೋ...’

ಮಾಬೂಬಿ ಮೊದಲು ದನಿಗೂಡಿಸಿದಳು, ಆಮೇಲೆ ಉಳಿದವರು. ಕಂಡಿಲ್ಲದ, ಹೆಸರನ್ನೂ ನೆಟ್ಟಗೆ ಅನ್ನಲು ಬಾರದ ಒಬ್ಬ ಇಂಜಿನಿಯರನಿಗೆ ನಮ್ಮ ಕೋಣೆ ತುಂಬ ಹೆಂಗಸರು ಅತ್ತರು. ಅವನ ಪುಸ್ತಕಗಳನ್ನು ಹೇಳಿ ಅತ್ತರು, ಅವನ ಕನ್ನಡಕ ಹೇಳಿ ಅತ್ತರು, ಇಲ್ಲಿಯವರೆಗೆ ಓದಿದ್ದರಲ್ಲಿ ಒಂದನ್ನೂ ಮರೆಯದೆ ಅತ್ತರು. ನಾನು ಪುಸ್ತಕದ ಮಧ್ಯೆ ಬೆರಳಿಟ್ಟುಕೊಂಡು ಕೂತಿದ್ದೆ. ಅತ್ತೆಯ ದನಿ ಮತ್ತೆ ಏರಿತು.

‘ಬೋಟಿನಾಗ ಬಿಸಿ ಅನ್ನ ಮಾಡಿ ಹಾಕತಿದ್ದ್ಯೋ ನನ್ನಪ್ಪಾ... ಬಂಗಡಿ ಚೀಲ ಹಿಡಕೊಂಡ ಬರತಿದ್ದ್ಯೋ... ಯವ್ವಾ ಬಾಗಲಾ ತಗೀ ಅಂತಿದ್ದ್ಯೋ ನನ್ನಪ್ಪಾ...’

ಶ್ರೀಧರ ಎಂದೂ ಬಂಗಡೆ ಮೀನು ತಂದವನಲ್ಲ. ಕಸ್ತೂರಿಗೆ ಮೊದಲು ಹೊಳೆಯಿತು, ಅವಳು ಬಾಯಿ ಮುಚ್ಚಿಕೊಂಡಳು. ಒಬ್ಬೊಬ್ಬರಾಗಿ ಎಲ್ಲರೂ ನಿಲ್ಲಿಸಿದರು. ಅತ್ತೆ ಒಬ್ಬರೇ ಮುಂದುವರಿಸಿದರು, ನಿಲ್ಲಿಸಲಿಲ್ಲ, ‘ನನ ಬಸೂ’ ಎಂದು ಹೆಸರು ಹಿಡಿದರು. ಮಾಬೂಬಿ ಕಣ್ಣೊರೆಸಿಕೊಂಡು ಮತ್ತೆ ದನಿಗೂಡಿಸಿದಳು. ಉಳಿದವರೂ ಕೂಡಿಕೊಂಡರು. ಆ ಮಳೆಗಾಲವೆಲ್ಲ ಬೀಳದೆ ನಿಂತಿದ್ದ ಸಾವು ಅಂದು ನಮ್ಮ ಮನೆಯಲ್ಲಿ ಆಯಿತು. ನನಗೆ ಅಳು ಬರಲಿಲ್ಲ. ಆದರೆ ಮಡಚಿದ ಕಾಲು ನೋಯುತ್ತಿರುವುದು ತಿಳಿಯಿತು, ಸುಟ್ಟಿದ್ದ ಬೆರಳಿಗೆ ಪುಸ್ತಕದ ಅಂಚು ಒತ್ತುತ್ತಿರುವುದು ತಿಳಿಯಿತು.

ಬಹಳ ಹೊತ್ತಿನ ಮೇಲೆ ಅತ್ತೆ ಸೆರಗಿನಿಂದ ಮುಖ ಒರೆಸಿ, ನೀರು ಕುಡಿದು, ಚೊಂಬನ್ನು ಪಕ್ಕಕ್ಕಿಟ್ಟರು. ನನ್ನ ಬೆರಳಿದ್ದ ಜಾಗವನ್ನು ನೋಡಿದರು.

‘ಇನ್ನ ಹಾಳಿ ಅದಾವಲ್ಲ?’

‘ಒಂದ ಐತ್ರಿ.’

‘ಆಕಿ ಏನ್ ಮಾಡಾಕತ್ಯಾಳ?’

‘ಮನ್ಯಾಗ ಒಬ್ಬಾಕಿನ ಕುಂತಾಳ್ರಿ.’

‘ಆ ಬೋಟಿನಾಂವ ಎಲ್ಲಿ ಹ್ವಾದ?’

‘ಬಾಗಲದಾಗ ನಿಂತಾನ್ರಿ ಅತ್ತಿ. ಹಿಮ ಬೀಳಾಕತ್ತೈತಿ.’

ಅತ್ತೆ ನನ್ನ ಕೈ ಹಿಡಿದು ಬಳೆಗಳನ್ನು ಎಂದಿನಂತೆ ಒಮ್ಮೆ ಮುಟ್ಟಿ, ಕೈ ಬಿಟ್ಟರು.

‘ಎಷ್ಟೊತ್ತಂತ ಹೊರಗ ನಿಂದ್ರತಾನ ಪಾಪ. ಒಳಗ ಕರಿ ಅನ್ನು ಆಕಿಗೆ’ ಎಂದರು.

ನಾನು ಪುಟ ತಿರುವಿ ಓದತೊಡಗಿದೆ. ಅಕ್ಷರಗಳೆಲ್ಲ ನೀರಾಗಿ ಒಂದೂ ಕಾಣುತ್ತಿರಲಿಲ್ಲ. ಆ ಒಂದು ಪುಟವನ್ನು ಮಳೆಗಾಲವಿಡೀ ಟೆಂಪೋದಲ್ಲಿ ನನ್ನಷ್ಟಕ್ಕೆ ಓದಿ ಓದಿ ಬಾಯಿಪಾಠವಾಗಿತ್ತು, ಹಾಗಾಗಿ ಎಲ್ಲೂ ನಿಲ್ಲದೆ ಕೊನೆಯವರೆಗೆ ಓದಿದೆ.